ಸಂದಿಯ ಬೆಳಕು

ಬಾಲ್ಟಿಮೋರಿನ ಸ್ಟೇಡಿಯಮ್ಮು, ಮೇ ತಿಂಗಳ ಕೊನೇ ಸೋಮವಾರ.
ಬೆಂಚಿನ ಹಿಂದೆ, ನೀರಿನ ಡ್ರಮ್ಮುಗಳ ಪಕ್ಕ, ನನ್ನ ಮಡಚುವ ಕುರ್ಚಿ.
ನಾನು ಟ್ವಿಲ್ಲಿ. ಕಾಲೇಜು ಹುಡುಗರ ಲಕ್ರಾಸ್ ಕೋಲುಗಳಿಗೆ
ಬಲೆ ಕಟ್ಟುವವನು.
ನಲವತ್ನಾಲ್ಕು ಕೋಲು, ನಲವತ್ನಾಲ್ಕು ಹಟ.
ಒಬ್ಬನಿಗೆ ಬಿಗಿ ಬೇಕು, ಒಬ್ಬನಿಗೆ ಸಡಿಲ,
ಇನ್ನೊಬ್ಬನಿಗೆ ಚೆಂಡು ಹೊರಡುವಾಗ ಟಪ್ಪೆಂದು ಸದ್ದಾಗಲೇಬೇಕು.

ಅಪ್ಪ ಚೆಸಪೀಕ್ ಕೊಲ್ಲಿಯಲ್ಲಿ ಏಡಿ ಹಿಡಿಯುತ್ತಿದ್ದ.
ಗಂಟು ಕಲಿಸುವಾಗ ಮಾತಾಡುತ್ತಿರಲಿಲ್ಲ,
ತಪ್ಪಿದರೆ ಬಿಚ್ಚುತ್ತಿದ್ದ, ಅಷ್ಟೆ.
ಬೆರಳ ತುದಿ ಈಗಲೂ ಆ ಉಪ್ಪನ್ನು ನೆನೆಯುತ್ತದೆ,
ನೈಲಾನಿನಲ್ಲಿ ಉಪ್ಪಿಲ್ಲದಿದ್ದರೂ.

ಆನ್ಸೆಲ್ ಮೊರೋಸ್ಕಿ ಬೆಳಿಗ್ಗೆ ಬಂದ,
ತಿಂಡಿ ಮುಟ್ಟಿರದ ಮುಖ.
"ಇನ್ನೊಂದು ಎಳೆಯಷ್ಟು ಆಳ ಮಾಡಿಕೊಡಿ."
"ಈಗಲೇ ಅಂಚಿಗೆ ನಿಂತಿದೆಯಪ್ಪ" ಅಂದೆ.
ನಕ್ಕ. ನಾಲ್ಕು ವರ್ಷದಿಂದ ಆ ನಗು ನನಗೆ ಗೊತ್ತು;
ಬಂದ ವರ್ಷವೇ ಮುಂದಿನ ಹಲ್ಲು ಮುರಿದಾಗಲೂ
ಹೀಗೇ ನಕ್ಕಿದ್ದ.
ಕೆಳದಾರವನ್ನು ಒಂದು ಸುತ್ತು ಸಡಿಲಿಸಿದೆ.
ಚೆಂಡು ಇಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದೆ.
ಚೆಂಡಿನ ನೆತ್ತಿಗೂ ಚೌಕಟ್ಟಿನ ಅಂಚಿಗೂ ನಡುವೆ
ಬೆಳಕು ಕಂಡರೆ ತಪ್ಪು, ಕಾಣದಿದ್ದರೆ ಸರಿ.
ನನ್ನ ಪಾಲಿನ ಧರ್ಮಶಾಸ್ತ್ರ ಇಷ್ಟೇ.
ಕಾಣಲಿಲ್ಲ.
ಕೂದಲೆಳೆ ತೂರೀತೋ ತೂರದೋ ಎಂಬಲ್ಲಿ ನಿಂತಿತ್ತು.

ಮಧ್ಯಂತರದ ಹೊತ್ತಿಗೆ ಮಳೆ.
ಮಿಂಚು ಕಂಡು ಎಲ್ಲರನ್ನೂ ಒಳಗೆ ಕರೆದರು, ಐವತ್ತು ನಿಮಿಷ.
ಹೇರ್ ಡ್ರೈಯರ್ ಹಿಡಿದು ಒಂದೊಂದೇ ಬಲೆ ಒಣಗಿಸಿದೆ.
ಆನ್ಸೆಲ್ ತನ್ನದನ್ನು ಕೊಡಲಿಲ್ಲ;
ಎರಡು ಗೋಲು ಹೊಡೆದ ಕೋಲು, ಕೈ ಬಿಡಬಾರದಂತೆ.
ಒದ್ದೆ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ.
ನಾನು ನೋಡಿದೆ.
ಕಿತ್ತುಕೊಳ್ಳಬಹುದಿತ್ತು.

ಹನ್ನೊಂದು, ಹನ್ನೊಂದು.
ನಲವತ್ತು ಸೆಕೆಂಡು ಉಳಿದಾಗ
ಗೋಲಿನ ಹಿಂದಿನಿಂದ ಬಂದ, ಭುಜ ತಗ್ಗಿಸಿ
ಇಬ್ಬರ ನಡುವೆ ನುಸುಳಿ, ಬೀಳುತ್ತ ಬೀಳುತ್ತ ಎಸೆದ.
ಕೀಪರನ ಮಂಡಿಯ ಪಕ್ಕ ಬಲೆ ಉಬ್ಬಿತು.
ಮೂವತ್ತು ಸಾವಿರ ಗಂಟಲು ಒಮ್ಮೆಗೇ ಬಿಚ್ಚಿದವು.
ಅವನ ತಾಯಿ, ಸ್ಕ್ರಾಂಟನ್ನಿನಲ್ಲಿ ಸ್ಕೂಲ್ ಬಸ್ ಓಡಿಸುವಾಕೆ,
ಪಕ್ಕದ ಅಪರಿಚಿತನ ಟೋಪಿ ಕಿತ್ತು ಗಾಳಿಗೆ ತೂರಿದಳು.

ಪಟ್ಟೆ ಅಂಗಿಯ ರೆಫ್ರಿ ಸುಮ್ಮನೆ ಕೈ ಚಾಚಿದ.
ಕೋಲು ಕೊಡು.
ಜೇಬಿನಿಂದ ಚೆಂಡು ತೆಗೆದು ಬಲೆಯಲ್ಲಿಟ್ಟ,
ಕಣ್ಣಿನ ಮಟ್ಟಕ್ಕೆ ಎತ್ತಿದ,
ಬೆಳಿಗ್ಗೆ ನಾನು ಎತ್ತಿದ ಹಾಗೇ.
ಅಷ್ಟು ದೂರದಿಂದ, ದೇವರಾಣೆ,
ನನಗೆ ಆ ಬೆಳಕು ಕಂಡಿತು.
ಉಗುರಿನಿಂದ ಗೀರಿದಷ್ಟು. ಮಳೆ ತೊಳೆದ ಆಕಾಶದ ಚೂರು.

ಎರಡೂ ಕೈ ಅಡ್ಡ ಬೀಸಿದ. ಗೋಲು ಇಲ್ಲ.
ಆಮೇಲಿನದು ಹೇಳುವಂಥದ್ದೇನಲ್ಲ.
ಚೆಂಡು ಅವರಿಗೆ ಹೋಯಿತು, ನಮ್ಮ ಹುಡುಗ ಶಿಕ್ಷೆಯ ಬೆಂಚಿಗೆ,
ಒಂಬತ್ತು ಸೆಕೆಂಡು ಇರುವಾಗ ಮುಗಿಯಿತು.
ಅವರು ಒಬ್ಬರ ಮೇಲೊಬ್ಬರು ಬಿದ್ದು ಗುಡ್ಡೆಯಾದರು.
ಹುಲ್ಲಿನ ತುಂಬ ಎಸೆದ ಗ್ಲೌಸು.

ಕೋಚ್ ಪತ್ರಿಕೆಯವರಿಗೆ "ಮಳೆ" ಅಂದ.
ಬೂಟು ಬಿಚ್ಚುತ್ತಿದ್ದ ಹುಡುಗರು ನನ್ನ ಕಡೆ ನೋಡಲಿಲ್ಲ,
ನೋಡಬಾರದೆಂದೇ ನೋಡಲಿಲ್ಲ.
ಆನ್ಸೆಲ್ ಬಂದು ಕೋಲನ್ನು ನನ್ನ ಕುರ್ಚಿಗೆ ಒರಗಿಸಿದ.
"ಕೇಳಿದ್ದು ನಾನು" ಅಂದ.
ಕೊಟ್ಟಿದ್ದು ನಾನು, ಅನ್ನಬೇಕಿತ್ತು.
ಹಲ್ಲಿನಲ್ಲಿ ದಾರ ಕಚ್ಚಿದವನ ಹಾಗೆ ಸುಮ್ಮನಿದ್ದೆ.

ಬಸ್ಸು ಸಸ್ಕ್ವೆಹಾನ ಸೇತುವೆ ದಾಟುವಾಗ
ಬಿಸಿಲು ಬಂತು, ಈಗ.
ಹುಡುಗರು ಬಾಯಿ ತೆರೆದು ಮಲಗಿದ್ದಾರೆ.
ಕಿಟಕಿಯ ಬಳಿ ಆ ಕೋಲು ಒಣಗಿ ಗರಿಗರಿ.
ಚೀಲದಿಂದ ಚೆಂಡು ತೆಗೆದು ಬಲೆಯಲ್ಲಿಟ್ಟು
ಎತ್ತಿ ನೋಡಿದೆ.
ನೂಲು ತನ್ನಷ್ಟಕ್ಕೆ ತಾನು ಕುಗ್ಗಿ
ಚೆಂಡನ್ನು ಮೇಲಕ್ಕೆ ತಂದಿದೆ.
ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ.
ಬೆಳಕಿಲ್ಲ.